ಗರಗರ ಸದ್ದಿನ ಪಂಪು

ಕಳೆದ ಬೇಸಿಗೆಯಲ್ಲಿ ನಾವು ದಾವಣಗೆರೆಯ ಸೋದರಳಿಯನ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆವು. ಅವರ ಹಜಾರದಲ್ಲಿ ಕಡಲ ಮೀನುಗಳನ್ನು ಸಾಕಿರುವ ಗಾಜಿನ ತೊಟ್ಟಿಯುಂಟು. ಅದರ ಕೆಳಗಿನ ಕಪಾಟಿನಿಂದ ಇರುಳೆಲ್ಲ ಗರಗರ ಸದ್ದು. ಎರಡನೆಯ ರಾತ್ರಿ ನಿದ್ರೆ ಬಾರದೆ, ಯಾರನ್ನೂ ಕೇಳದೆ, ಸ್ವಿಚ್ ಆರಿಸಿ ಮಲಗಿದೆವು. ಬೆಳಗಾಗೆದ್ದು ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುತ್ತಿದ್ದವು. “ಮಾವ, ಅವುಗಳ ಉಸಿರು ನಡೆಯುವುದು ಅದರಿಂದಲೇ” ಎಂದನು ಅಳಿಯ, ಸಿಟ್ಟು ತೋರಿಸದೆ. ನಮಗೆ ತಲೆಯೆತ್ತಲಾಗಲಿಲ್ಲ.

ಆ ಯಂತ್ರಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು. ಆಲೆಮನೆಯನ್ನು ಕಂಡವರಿಗೆ ಅದರ ಕೆಲಸ ಬೇಗ ತಿಳಿದೀತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯು ನೊರೆಯಾಗಿ ಮೇಲೇರುತ್ತದೆ. ಅದನ್ನು ಬಳಿದು ತೆಗೆಯುತ್ತಾರೆ. ಇಲ್ಲಿ ಬೆಂಕಿಯಿಲ್ಲ. ಪಂಪು ಗಾಳಿಯನ್ನು ಒಳಗೆಳೆದು ಉಪ್ಪುನೀರಿನಲ್ಲಿ ನುಣ್ಣನೆಯ ಗುಳ್ಳೆಗಳಾಗಿ ಒಡೆಯುತ್ತದೆ. ಮೀನಿನ ಮಲ, ತಿಂದುಳಿದ ಆಹಾರ ಇವುಗಳಿಂದ ನೀರಿನಲ್ಲಿ ಕರಗಿದ ಕಲ್ಮಷವು ಗುಳ್ಳೆಗಳಿಗೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲನ್ನು ಸೇರುತ್ತದೆ. ಅದರ ಜೊತೆಗೇ ನೀರಿಗೆ ಪ್ರಾಣವಾಯುವೂ ದೊರೆಯುತ್ತದೆ. ದೀಪ ಆರಿದ ಮೇಲೆ ಪಾಚಿಯು ಪ್ರಾಣವಾಯುವನ್ನು ಕೊಡುವುದಿಲ್ಲ, ತಾನೇ ಬಳಸುತ್ತದೆ. ಆದುದರಿಂದ ರಾತ್ರಿಯ ವೇಳೆ ಆರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು.

ಪಂಪು ಕೆಟ್ಟಿತೆಂದು ಅಳಿಯನು ಹೊಸದಕ್ಕೆ ಹಣ ಹೊಂದಿಸುತ್ತಿದ್ದನು. ಬಿಚ್ಚಿ ನೋಡದೆ ಬಿಸುಡುವುದೇಕೆ ಎಂದು ಇಬ್ಬರೂ ಕುಳಿತೆವು. ಪ್ಲಗ್ಗನ್ನು ಕಿತ್ತ ಮೇಲೆಯೇ ನೀರಿಗೆ ಕೈಯಿಟ್ಟದ್ದು. ಇದನ್ನು ಯಾರೂ ಮರೆಯಬಾರದು. ಮುಂದಿನ ಮುಚ್ಚಳ ತೆಗೆದರೆ ಅಯಸ್ಕಾಂತದೊಡನೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ಹೊರಬರುತ್ತದೆ. ಅದರ ಮೈಗೆ ಸುಣ್ಣದ ಹಕ್ಕಳೆ ಕಟ್ಟಿತ್ತು. ಒಳಗುಳಿಯಲ್ಲಿ ಹವಳದ ಮರಳಿನ ಒಂದು ಹರಳು. ಸದ್ದಿನ ಮೂಲ ಅಷ್ಟೆ. ವಿನಿಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಅರ್ಧ ಗಂಟೆ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದೆವು. ಸಾಬೂನು ಸೋಕಿಸಬಾರದು. ನಡುವಿನ ಪಿಂಗಾಣಿ ಕಡ್ಡಿ ಬಿರುಕು ಬಿಟ್ಟಿದ್ದರೆ ತೊಳೆದು ಫಲವಿಲ್ಲ. ಆಗ ಚಕ್ರ, ಕಡ್ಡಿಗಳನ್ನು ಬದಲಿಸಬೇಕು. ಗಾಳಿಯ ಕೊಳವೆಯ ಬಾಯಲ್ಲಿ ಉಪ್ಪು ಕಟ್ಟಿದರೂ ಸದ್ದು ಬದಲಾಗಿ ಗುಳ್ಳೆ ಕಡಿಮೆಯಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಪಂಪು ಗಾಜಿಗೆ ತಾಗಿ ಅದುರುತ್ತಿದ್ದರೆ ಅಡಿಗೆ ಮೆತ್ತನೆಯ ಸ್ಪಂಜು ಇಡಬೇಕು.

ಅಂದೇ ಸಂಜೆ ಕರೆಂಟು ಹೋಯಿತು. ಇನ್ವರ್ಟರಿನ ಮೇಲೆ ಪಂಪು ಮತ್ತೆ ಗುಂಯ್‌ಗುಟ್ಟಿತು. ಅಗ್ಗದ ಇನ್ವರ್ಟರುಗಳ ವಿದ್ಯುತ್ ಅಲೆ ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ; ಅದು ಪಂಪಿನ ದೋಷವಲ್ಲ, ಶುದ್ಧ ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆಯಿಲ್ಲ. ಕರೆಂಟು ಮರಳಿದಾಗ ಕೆಲವು ಪಂಪುಗಳ ಚಕ್ರ ಹಿಮ್ಮುಖವಾಗಿ ತಿರುಗತೊಡಗಿ ಕಟಕಟ ಎನ್ನುವುದುಂಟು. ಒಮ್ಮೆ ಆರಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಏದುತ್ತಿದ್ದ ಮೀನುಗಳಲ್ಲಿ ಒಂದು ಮಾತ್ರ ಉಳಿಯಲಿಲ್ಲ. ಅಳಿಯನ ಆರು ವರ್ಷದ ಮಗಳು ಫೋನಿನಲ್ಲಿ ಈಗಲೂ ಹೇಳುತ್ತಾಳೆ: “ಅಜ್ಜಾ, ಈ ಸಲ ಬಂದಾಗ ಸ್ವಿಚ್ ಮುಟ್ಟಬೇಡಿ.”