ನಿಶ್ಚಿತಾರ್ಥಕ್ಕೆ ಎಷ್ಟು ಜನ ಬೇಕು?

ಒಂದು ತಲೆಮಾರಿನ ಹಿಂದೆ ನಮ್ಮ ಬಹುಪಾಲು ಮನೆಗಳಲ್ಲಿ ನಿಶ್ಚಿತಾರ್ಥವೆಂದರೆ ನಡುಮನೆಯಲ್ಲಿ ಜಮಖಾನ ಹಾಸಿ, ಎರಡೂ ಕಡೆಯ ಹಿರಿಯರು ಎದುರುಬದುರು ಕೂತು ಮುಗಿಸುತ್ತಿದ್ದ ಕೆಲಸ. ಇಪ್ಪತ್ತು ಮೂವತ್ತು ಜನ, ಒಂದು ಪಾಯಸದೂಟ. ಈಗ ಬೆಂಗಳೂರು, ಹುಬ್ಬಳ್ಳಿಗಳಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಅದಕ್ಕೆ ಕಲ್ಯಾಣ ಮಂಟಪ ಬೇಕು, ಹೂವಿನ ವೇದಿಕೆ ಬೇಕು, ಉಂಗುರ ತೊಡಿಸುವ ಹೊತ್ತಿಗೆ ಡ್ರೋನ್ ಹಾರಬೇಕು. ಮುನ್ನೂರು ನಾನೂರು ಎಲೆ ಬೀಳುತ್ತದೆ. ಮೂರು ತಿಂಗಳಿಗೆ ಮದುವೆ ಬಂದಾಗ ಅದೇ ಜನ, ಅದೇ ಊಟ, ಅದೇ ಖರ್ಚು ಮತ್ತೊಮ್ಮೆ.

ಹೀಗಾಗಿ ಮದುವೆ ಗೊತ್ತಾದ ಪ್ರತಿ ಮನೆಯಲ್ಲೂ ಒಂದು ಜಗ್ಗಾಟ ನಡೆಯುತ್ತಿದೆ. ‘ಮನೆಮಟ್ಟಿಗೆ ಮಾಡಿಬಿಡೋಣ ಅಪ್ಪ’ ಎಂದು ಮಗಳು, ‘ನಾಲ್ಕು ಜನರನ್ನು ಕರೆಯದೆ ಹೇಗೆ ಮಾಡೋದಮ್ಮ’ ಎಂದು ಅಪ್ಪ. ಎಷ್ಟೋ ಮನೆಗಳಲ್ಲಿ ಮಾತು ತಿರುಗುಮುರುಗಾಗಿ, ಬೇಡವೆನ್ನುವವರು ಹಿರಿಯರು, ಬೇಕೆನ್ನುವವರು ಹುಡುಗ ಹುಡುಗಿ. ಇದನ್ನು ಹಳೆಯ ಕಾಲ, ಹೊಸ ಕಾಲದ ಜಗಳ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಎರಡೂ ಕಡೆ ತೂಕವಿರುವ ಮಾತಿದೆ.

ಮೊದಲಿಗೆ, ಆ ದಿನ ನಡೆಯುವುದೇನು? ಹಳೇ ಮೈಸೂರು, ಮಲೆನಾಡಿನ ಹಲವು ಮನೆಗಳಲ್ಲಿ ವೀಳ್ಯಶಾಸ್ತ್ರ ಎನ್ನುತ್ತಾರೆ. ಕರಾವಳಿಯಲ್ಲಿ ನಿಶ್ಚಯ ತಾಂಬೂಲ. ಕೊಡವರಲ್ಲಿ ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಮುಂದೆ ಎರಡೂ ಮನೆಯ ಪರವಾಗಿ ಮಾತಾಡುವ ಅರುವರು ನಿಂತು ಮಾತು ಕೊಡುತ್ತಾರೆ. ವಿವರ ಬೇರೆ ಬೇರೆ, ತಿರುಳು ಒಂದೇ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ, ಹಣ್ಣು, ಹೂವು. ಪುರೋಹಿತರು ಲಗ್ನಪತ್ರಿಕೆ ಬರೆದು, ಹುಡುಗ ಹುಡುಗಿಯ ಹೆಸರು, ತಂದೆ ತಾತಂದಿರ ಹೆಸರು, ಮುಹೂರ್ತದ ದಿನ ಹೇಳಿ ಗಟ್ಟಿಯಾಗಿ ಓದುತ್ತಾರೆ. ಬೀಗರಾಗಲಿರುವವರು ಎದ್ದು ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ಹುಡುಗಿಗೆ ಸೀರೆ ಕೊಟ್ಟು, ಹೂ ಮುಡಿಸಿ, ಮಡಿಲು ತುಂಬುತ್ತಾರೆ. ಉಂಗುರ ಇತ್ತೀಚೆಗೆ ಸೇರಿಕೊಂಡದ್ದು. ಇಡೀ ಶಾಸ್ತ್ರ ಒಂದು ಗಂಟೆಯೊಳಗೆ ಮುಗಿಯುತ್ತದೆ.

ದೊಡ್ಡದಾಗಿ ಮಾಡಬೇಕು ಎನ್ನುವವರ ಮೊದಲ ವಾದ ಈ ಶಾಸ್ತ್ರದ ಒಳಗಿನಿಂದಲೇ ಹುಟ್ಟುತ್ತದೆ. ಇದು ಮಾತು ಕೊಡುವ ದಿನ. ನಿಶ್ಚಿತಾರ್ಥವಾಯಿತು ಎಂಬ ಕಾರಣಕ್ಕೆ ಯಾವ ನ್ಯಾಯಾಲಯವೂ ಒಬ್ಬರನ್ನು ಮದುವೆಯಾಗು ಎಂದು ಒತ್ತಾಯಿಸಲಾರದು. ಕೊಟ್ಟ ಮಾತಿಗೆ ಕಾವಲು ಇರುವುದು ಕೇಳಿಸಿಕೊಂಡ ಜನರದ್ದೇ. ಹತ್ತು ಜನರ ಮುಂದೆ ಆಡಿದ ಮಾತನ್ನು ಸುಲಭಕ್ಕೆ ನುಂಗಲಾಗುವುದಿಲ್ಲ. ಮಾತುಕತೆ ಮುಗಿದ ಮೇಲೆ ‘ಇನ್ನೊಂದಿಷ್ಟು ಚಿನ್ನ ಹಾಕಿದ್ದರೆ’ ಎಂದು ರಾಗ ಎಳೆಯುವವರ ಬಾಯಿ ಕಟ್ಟುವುದಕ್ಕೂ, ಅಂದು ಅಲ್ಲಿ ಕೂತಿದ್ದ ಊರ ಹಿರಿಯರೇ ಬೇಕಾಗುತ್ತಾರೆ.

ಎರಡನೆಯದು ದೂರದ ಮಾತು. ಹುಡುಗಿ ಶಿವಮೊಗ್ಗದವಳು, ಹುಡುಗ ಬೆಳಗಾವಿಯವನು, ಮದುವೆ ಬೆಳಗಾವಿಯಲ್ಲಿ ಎಂದಿಟ್ಟುಕೊಳ್ಳಿ. ಅವಳನ್ನು ಎತ್ತಿ ಆಡಿಸಿದ ಪಕ್ಕದ ಮನೆಯ ಅಜ್ಜಿ, ಶಾಲೆಯ ಮೇಷ್ಟ್ರು, ಓಡಾಡಲಾಗದ ದೊಡ್ಡಪ್ಪ ಇವರೆಲ್ಲ ಅಷ್ಟು ದೂರ ಬಸ್ಸು ಹತ್ತಿ ಬರುವುದಿಲ್ಲ. ಅವರ ಪಾಲಿಗೆ ನಿಶ್ಚಿತಾರ್ಥವೇ ಮದುವೆ. ಅದನ್ನು ಇಪ್ಪತ್ತು ಜನಕ್ಕೆ ಇಳಿಸಿದರೆ, ಹುಡುಗಿಯ ಊರು ಅವಳನ್ನು ಹರಸುವ ಅವಕಾಶವೇ ತಪ್ಪಿಹೋಗುತ್ತದೆ. ಹೆಣ್ಣಿನ ಊರಿನವರಿಗೆ ನ್ಯಾಯ ಸಿಗಬೇಕೆಂಬ ಈ ಮಾತನ್ನು ಆಡಂಬರ ಎಂದು ತಳ್ಳಿಹಾಕುವಂತಿಲ್ಲ.

ಮೂರನೆಯದು ಮುಯ್ಯಿಯ ಲೆಕ್ಕ. ನಮ್ಮಲ್ಲಿ ಮದುವೆಯೂಟ ಬರೀ ಊಟವಲ್ಲ. ಇಪ್ಪತ್ತು ವರ್ಷದಿಂದ ಯಾರ್ಯಾರ ಮನೆಯ ಶುಭಕಾರ್ಯಕ್ಕೆ ಹೋಗಿ ಎಲೆ ಮುಂದೆ ಕೂತಿದ್ದೇವೋ ಅವರನ್ನೆಲ್ಲ ಕರೆಯುವುದು ಒಂದು ಋಣ ತೀರಿಸುವ ಕ್ರಮ. ಕಾಯಿಲೆ ಬಿದ್ದಾಗ, ಸಾವಾದಾಗ, ಮಳೆ ಕೈಕೊಟ್ಟಾಗ ಕೈಹಿಡಿಯುವವರು ಇದೇ ಜನ. ಜೊತೆಗೆ ಓಲಗದವರು, ಹೂ ಕಟ್ಟುವವರು, ಶಾಮಿಯಾನದವರು, ಬಡಿಸುವ ಹುಡುಗರು ಇವರೆಲ್ಲರ ವರ್ಷದ ದುಡಿಮೆ ಶುಭಕಾರ್ಯದ ತಿಂಗಳುಗಳಲ್ಲೇ ಆಗಬೇಕು. ಆಷಾಢ, ಧನುರ್ಮಾಸದಲ್ಲಿ ಅವರಲ್ಲಿ ಅನೇಕರ ಕೈ ಖಾಲಿ.

ಈಗ ಇನ್ನೊಂದು ಕಡೆ. ಚಿಕ್ಕದಾಗಿ ಸಾಕು ಎನ್ನುವವರು ಮೊದಲು ತೋರಿಸುವುದು ಖರ್ಚನ್ನು. ಮಂಟಪದ ಬಾಡಿಗೆ, ಅಲಂಕಾರ, ಫೋಟೊ, ವಿಡಿಯೊ, ಬೀಗರ ಕಡೆಯ ಎಲ್ಲ ಹೆಂಗಸರಿಗೂ ಸೀರೆ ಕಣ. ಊಟ ಎಲೆ ಲೆಕ್ಕದಲ್ಲಿ ನಡೆಯುತ್ತದೆ. ಪಂಕ್ತಿ ಮುಗಿದಂತೆಲ್ಲ ಅಡುಗೆಯವರ ಕಡೆಯ ಒಬ್ಬ ಬಳಕೆಯಾದ ಎಲೆ ಎಣಿಸಿ ಬರೆದಿಡುತ್ತಾನೆ. ನಾನೂರು ಎಲೆ ಎಂದು ಒಪ್ಪಿ ಇನ್ನೂರೆಂಬತ್ತು ಜನ ಬಂದರೂ ಸಾಮಾನ್ಯವಾಗಿ ನಾನೂರಕ್ಕೇ ಹಣ ಕೊಡಬೇಕು. ಉಳಿದ ಅನ್ನ, ಪಲ್ಯ, ಸಿಹಿಯ ಗತಿ ಎಲ್ಲರಿಗೂ ಗೊತ್ತು. 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವೊಂದು ನಗರದ ಕಲ್ಯಾಣ ಮಂಟಪಗಳನ್ನು ಸುತ್ತಿ, ಮದುವೆಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆ ಎಂದು ಅಂದಾಜು ಮಾಡಿತ್ತು. ಒಂದೇ ಮದುವೆಗೆ ಎರಡು ಮಂಟಪದೂಟ ಸೇರಿದರೆ ಈ ನಷ್ಟ ಇನ್ನೂ ಬೆಳೆಯುವುದೇ ಹೊರತು ತಗ್ಗುವುದಿಲ್ಲ.

ಈ ಖರ್ಚು ಎರಡೂ ಕಡೆ ಸಮನಾಗಿ ಬೀಳುವುದೂ ಇಲ್ಲ. ಅನೇಕ ಸಮುದಾಯಗಳಲ್ಲಿ ನಿಶ್ಚಿತಾರ್ಥ ಹೆಣ್ಣಿನ ಕಡೆಯವರ ಪಾಲು. ಬೀಗರ ಅಂತಸ್ತಿಗೆ ತಕ್ಕಂತೆ ಮಾಡಿಕೊಡಿ ಎಂಬ ಒಂದು ಮಾತು ಸಾಕು, ತಂದೆ ಸಾಲಕ್ಕೆ ಕೈಯೊಡ್ಡುತ್ತಾನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯ ದಿನ ಕೊಟ್ಟದ್ದನ್ನು ಮಾತ್ರ ಹಿಡಿಯುವುದಿಲ್ಲ. ಮದುವೆಗೆ ಸಂಬಂಧಿಸಿ ಮೊದಲು ಕೊಟ್ಟದ್ದು, ಆಮೇಲೆ ಕೊಟ್ಟದ್ದು, ಕೊಡಲು ಒಪ್ಪಿದ್ದು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತದೆ. ನಿಶ್ಚಿತಾರ್ಥದ ಹೆಸರಿನಲ್ಲಿ ಕೇಳಿ ಪಡೆದದ್ದಕ್ಕೆ ರಿಯಾಯಿತಿ ಇಲ್ಲ.

ಆದರೆ ಚಿಕ್ಕದರ ಪರವಾಗಿ ಇರುವ ಬಲವಾದ ವಾದ ಹಣದ್ದಲ್ಲ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಎರಡು ಮೂರು ತಿಂಗಳು ಬಿಡುವುದು ಯಾಕೆ? ಮಂಟಪ ಸಿಗಲಿ ಎಂದಷ್ಟೇ ಅಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಅರಿಯಲಿ ಎಂದು. ಆ ದಿನಗಳಲ್ಲೇ ಕುಡಿತ, ಮುಚ್ಚಿಟ್ಟ ಸಾಲ, ಸಿಡುಕು, ಮೊದಲೇ ಇದ್ದ ಬೇರೊಂದು ಸಂಬಂಧ ಹೊರಬೀಳುವುದು. ನಾನೂರು ಜನರ ಮುಂದೆ ಉಂಗುರ ತೊಟ್ಟ ಹುಡುಗಿಗೆ ‘ನನಗೆ ಇದು ಬೇಡ’ ಎನ್ನಲು ಬಾಯಿ ಬರುವುದು ಕಷ್ಟ. ‘ಊರಿಗೆಲ್ಲ ಗೊತ್ತಾಗಿದೆಯಲ್ಲ ಮಗಳೇ, ಹೊಂದಿಕೊಂಡು ಹೋಗು’ ಎಂಬ ಮಾತು ಅವಳ ಮುಂದಿನ ಮೂವತ್ತು ವರ್ಷವನ್ನು ನುಂಗಬಹುದು. ಮುರಿದುಬಿದ್ದ ನಿಶ್ಚಿತಾರ್ಥ ನೋವಿನದು ನಿಜ, ಮುರಿಯಬೇಕಾಗಿದ್ದೂ ಮುರಿಯದೆ ಉಳಿದದ್ದು ಅದಕ್ಕಿಂತ ನೋವಿನದು.

ಗಮನಿಸಿದರೆ ಎರಡೂ ಕಡೆಯವರು ಮಾತಾಡುತ್ತಿರುವುದು ಜನರ ಕಣ್ಣಿನ ಬಲದ ಬಗ್ಗೆ. ಮಾತು ತಪ್ಪುವವನನ್ನು ತಡೆಯುವ ಆ ಕಣ್ಣೇ, ಹಿಂದೆ ಸರಿಯಬೇಕಾದವಳನ್ನೂ ಕಟ್ಟಿಹಾಕುತ್ತದೆ. ಹಾಗಾಗಿ ‘ದೊಡ್ಡದೋ ಚಿಕ್ಕದೋ’ ಎನ್ನುವುದಕ್ಕಿಂತ, ಆ ಕಣ್ಣು ಯಾವ ಹಂತದಲ್ಲಿ ನಮ್ಮ ಮೇಲಿರಬೇಕು ಎಂದು ಕೇಳಿಕೊಳ್ಳುವುದು ಮೇಲು. ಮಾತು ಕೊಡುವ ಹೊತ್ತಿಗೆ ಎರಡೂ ಮನೆಯ ಹತ್ತಿರದವರ ಕಣ್ಣು ಸಾಕು. ಮದುವೆಯಾಗುವ ಹೊತ್ತಿಗೆ ಊರ ಕಣ್ಣು ಇರಲಿ. ನನ್ನ ಮನಸ್ಸು ಒಲಿಯುವುದು ಈ ಕ್ರಮಕ್ಕೆ.

ಸಂಪ್ರದಾಯ ಇದಕ್ಕೆ ಅಡ್ಡ ಬರುವುದಿಲ್ಲ. ಹಳೇ ಮೈಸೂರು ಕಡೆಯ ಹಲವು ಮನೆಗಳಲ್ಲಿ ಮುಂಚೆಯಿಂದಲೂ ನಿಶ್ಚಿತಾರ್ಥವನ್ನು ಮದುವೆಯ ಹಿಂದಿನ ಸಂಜೆ, ವರಪೂಜೆಯ ಜೊತೆಗೇ ಛತ್ರದಲ್ಲಿ ಮುಗಿಸುವ ರೂಢಿಯಿದೆ. ಅದಕ್ಕೆ ಮೊದಲು ಮನೆಯಲ್ಲಿ ಆಗುವುದು ಮಾತುಕತೆ, ಹೂ ಮುಡಿಸುವುದು ಅಷ್ಟೇ. ಸರಳತೆಗೂ ನಮ್ಮಲ್ಲಿ ದೊಡ್ಡ ಮೇಲ್ಪಂಕ್ತಿ ಇದೆ. ಕುವೆಂಪು ಮಂತ್ರಮಾಂಗಲ್ಯ ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಅವರ ಮದುವೆಯನ್ನು ಆ ಕ್ರಮದಲ್ಲೇ ನಡೆಸಿದರು. 1972ರಿಂದ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ನಡೆಯುತ್ತ ಬಂದಿದೆ. ಹೀಗೆ ಮದುವೆಯಾದವರ ಬಾಳು ವೇದಿಕೆಯ ಹೂವಿಲ್ಲದ್ದಕ್ಕೆ ಬಡವಾಗಲಿಲ್ಲ.

ಹಾಗೆಂದು ಶಾಸ್ತ್ರವನ್ನೇ ಬಿಟ್ಟು ಬರೀ ಕಾಗದಕ್ಕೆ ಸಹಿ ಹಾಕಿದರೆ ಸಾಕು ಎಂದು ತಿಳಿಯುವುದೂ ತಪ್ಪಾದೀತು. 2024ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಎರಡೂ ಕಡೆಗೆ ಕಿವಿಮಾತು ಹೇಳಿದೆ. ಮದುವೆ ಎಂದರೆ ಹಾಡು, ಕುಣಿತ, ತಿಂದು ಕುಡಿಯುವ ಸಮಾರಂಭವಲ್ಲ. ಹಾಗೆಯೇ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯ ವಿಧಿಗಳೇ ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದ ಅದು ಮದುವೆಯಾಗುವುದೂ ಇಲ್ಲ. ಶಾಸ್ತ್ರ ಬೇಡದವರಿಗೆ, ಜಾತಿ ಧರ್ಮ ಮೀರಿ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ 30 ದಿನದ ನೋಟಿಸ್ ಇರುವುದರಿಂದ ದಿನ ಗೊತ್ತುಮಾಡುವಾಗಲೇ ಆ ಲೆಕ್ಕ ಹಿಡಿಯಬೇಕು.

ಇಷ್ಟರ ಮೇಲೆ ಎರಡೂ ಮನೆಯವರು ಮಾಡಬಹುದಾದದ್ದೇನು? ಒಂದೇ ಊರಿನ ಅಥವಾ ಅಕ್ಕಪಕ್ಕದ ಜಿಲ್ಲೆಯ ಸಂಬಂಧವಾದರೆ ನಿಶ್ಚಿತಾರ್ಥ ಮನೆಯಲ್ಲೇ ಆಗಲಿ. ಊರು ದೂರವಾದರೆ, ದೇಶ ಬಿಟ್ಟಿರುವ ಮಕ್ಕಳು ಒಂದೇ ರಜೆಯಲ್ಲಿ ಬಂದು ಹೋಗಬೇಕಾದರೆ, ಹೆಣ್ಣಿನ ಊರಿನಲ್ಲಿ ಒಂದು ದೊಡ್ಡ ಊಟ ನ್ಯಾಯವೇ. ಆದರೆ ಅದನ್ನು ಮದುವೆ ಹತ್ತಿರ ಬಂದ ಮೇಲೆ ಇಟ್ಟುಕೊಂಡು, ಅಷ್ಟರಮಟ್ಟಿಗೆ ಮದುವೆಯ ಆರತಕ್ಷತೆಯನ್ನು ಇಳಿಸಿಕೊಳ್ಳಬೇಕು. ಎರಡನ್ನೂ ದೊಡ್ಡದು ಮಾಡುವುದಕ್ಕೆ ನನಗೆ ಒಪ್ಪುವಂಥ ಕಾರಣ ಕಾಣುವುದಿಲ್ಲ.

ತಟ್ಟೆ ಬದಲಾಯಿಸುವ ಮುನ್ನ ಒಂದು ನೋಟ್ ಬುಕ್ ತೆರೆದು ಕೂರುವುದು ಒಳ್ಳೆಯದು. ಮಂಟಪ, ಊಟ, ಒಡವೆ, ಬಟ್ಟೆ, ವಾಹನ, ಒಂದೊಂದರ ಮುಂದೂ ಕೊಡುವವರ ಹೆಸರು ಬರೆಯಿರಿ. ಎಲೆಯ ಸಂಖ್ಯೆಯನ್ನು ಮನೆ ಮನೆ ಲೆಕ್ಕ ಹಾಕಿ ಹೇಳಿ. ಮುಂಗಡ ಕೊಡುವ ಮೊದಲು, ದಿನ ಬದಲಾದರೆ ಎಷ್ಟು ವಾಪಸು ಬರುತ್ತದೆಂದು ಬರೆಸಿಕೊಳ್ಳಿ. ಎರಡೂ ಕಡೆ ಸೀರೆ ಉಡುಗೊರೆ ಎಷ್ಟು ಜನಕ್ಕೆ ಎಂದು ಅಲ್ಲೇ ಮುಗಿಸಿ. 2006ರಲ್ಲೇ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದಿದೆ. ಅದಕ್ಕೆ ಬೇಕಾದ ದಾಖಲೆಗಳ ಪಟ್ಟಿಯೂ ಆ ಪುಸ್ತಕದಲ್ಲಿರಲಿ. ಆ ಮೇಲೆ ಹಿರಿಯರು ಎದ್ದು ಹೋಗಿ, ಹುಡುಗ ಹುಡುಗಿಗೆ ಒಂದು ಮಧ್ಯಾಹ್ನ ಬಿಟ್ಟುಕೊಡಲಿ. ಕೆಲಸ ಮುಂದುವರಿಸುವುದು, ಎಲ್ಲಿ ನೆಲೆಸುವುದು, ಎರಡೂ ಕಡೆಯ ತಂದೆ ತಾಯಿಯನ್ನು ನೋಡಿಕೊಳ್ಳುವುದು, ಇರುವ ಸಾಲ, ಆರೋಗ್ಯ ಇವನ್ನು ಮಾತಾಡಿಕೊಳ್ಳಬೇಕಾದವರು ಅವರಿಬ್ಬರೇ.

ಈಗ ಎಷ್ಟೋ ಕಡೆ ಲಗ್ನಪತ್ರಿಕೆ ಓದುವ ಹೊತ್ತಿಗೆ ವಿಡಿಯೊದವರು ‘ಇನ್ನೊಮ್ಮೆ ತಟ್ಟೆ ಹಿಡೀರಿ ಸಾರ್, ಈ ಕಡೆ ನೋಡಿ’ ಎನ್ನುತ್ತಾರೆ. ಓದಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಆ ದಿನದ ಜೀವ ಇರುವುದು ಓದಿದ್ದನ್ನು ಎರಡೂ ಮನೆಯವರು ಕೇಳಿಸಿಕೊಳ್ಳುವುದರಲ್ಲಿ. ಇಪ್ಪತ್ತು ಜನ ಕೇಳಿಸಿಕೊಂಡರೆ ನಿಶ್ಚಿತಾರ್ಥ ನಡೆಯಿತು. ನಾನೂರು ಜನರಲ್ಲಿ ಒಬ್ಬರೂ ಕೇಳಿಸಿಕೊಳ್ಳದಿದ್ದರೆ ಊಟ ಮಾತ್ರ ನಡೆಯಿತು. ಕರೆಯುವವರ ಪಟ್ಟಿ ಹಿಡಿದು ಕೂತ ಎರಡೂ ಮನೆಯವರು ಮೊದಲು ಇದನ್ನು ತೀರ್ಮಾನಿಸಲಿ. ಎಷ್ಟು ಜನ ಬೇಕು ಎನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.