ಮೊಬೈಲು ಒಡೆಯುವ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಿರಿಯರು ನಮ್ಮಲ್ಲಿ ಮಳೆ, ಅಡಿಕೆ, ಈರುಳ್ಳಿ ಧಾರಣೆಯ ಮಾತು ಮುಗಿಸಿ, ಎದ್ದು ಹೊರಡುವಾಗ ಮೆಲ್ಲನೆ ಹೇಳುವುದುಂಟು: 'ಬುದ್ಧೀ, ಮೊಮ್ಮಗ ಊಟ ಬಿಟ್ಟಿದ್ದಾನೆ, ರಾತ್ರಿಯೆಲ್ಲ ಮೊಬೈಲು.'

ಅಪರಿಚಿತ ಗಂಡುಹೆಣ್ಣುಗಳ ಸ್ನೇಹ ಬೆಸೆಯುವ 'ಡೇಟಿಂಗ್ ಆ್ಯಪ್'ಗಳು ಈಗ ಹಳ್ಳಿಯ ಮೊಬೈಲಿಗೂ ಸಿಗುತ್ತವೆ. ಇವುಗಳಲ್ಲೊಂದಾದ ಟಿಂಡರ್ 2016ರಲ್ಲೇ 18 ತುಂಬದವರಿಗೆ ಬಾಗಿಲು ಮುಚ್ಚಿತು. ಆದರೂ ಹುಟ್ಟಿದ ವರ್ಷ ಸುಳ್ಳು ಬರೆದು ಒಳಹೊಕ್ಕ ಮಗುವಿಗೆ ಆ ಸುಳ್ಳೇ ಉರುಳು. ಆಚೆಯವನು ಚಿತ್ರವಿಟ್ಟುಕೊಂಡು ಹಣಕ್ಕೆ ಹೆದರಿಸಿದರೂ ಮನೆಯಲ್ಲಿ ಬಾಯಿ ಬಿಡಲಾರದು. ನಮ್ಮ ಮರ್ಯಾದೆಯ ಅಂಜಿಕೆಯೇ ಅವನ ಬಂಡವಾಳ.

ನಾವು ಮಾಡುವುದೇನು? ಹೆಣ್ಣುಮಗಳ ಓದು ಬಿಡಿಸುತ್ತೇವೆ, ಗಂಡುಮಗನ ಮೊಬೈಲು ಒಡೆಯುತ್ತೇವೆ. ಪೊಲೀಸರಿಗೆ ತೋರಿಸಬೇಕಾದ ಸಾಕ್ಷಿಯೂ ಅದರೊಂದಿಗೇ ಹೋಯಿತು! ಮಗು ಮಾತ್ರ ಇನ್ನಷ್ಟು ಒಂಟಿಯಾಯಿತು.

ವಾರಗಟ್ಟಲೆ ನಿದ್ದೆ, ಊಟ, ಶಾಲೆ ತಪ್ಪಿದರೆ ಅದು ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ, ಮನಸ್ಸಿನ ಕಾಯಿಲೆಯಿರಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್, 14416ಕ್ಕೆ ಹಗಲಿರುಳು ಕಾಸಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಆನ್‌ಲೈನಿನಲ್ಲಿ ಹಣ ಕಿತ್ತುಕೊಂಡಿದ್ದರೆ 1930, ಮಕ್ಕಳ ಸಂಕಟಕ್ಕೆ 1098. ಪಡಸಾಲೆಯ ಕ್ಯಾಲೆಂಡರಿನ ಮೇಲೆ ಈ ಮೂರನ್ನೂ ದಪ್ಪಕ್ಷರದಲ್ಲಿ ಬರೆದಿಡಿ; ಮೊಮ್ಮಕ್ಕಳಿಗೂ ಕಾಣಲಿ.