ಅಳೆದರೆ ಸಾಲದು, ಹೇಳಲೂ ಬರಬೇಕು

ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲಿ ಮೊದಲು ಕಳೆದುಹೋಗುವುದು ಕನ್ನಡ ಮತ್ತು ಸಮಾಜ ವಿಜ್ಞಾನದ ಅವಧಿಗಳು. "ಅವನ್ನೆಲ್ಲ ಮನೆಯಲ್ಲಿ ಓದಿಕೊಂಡರಾಯಿತು" ಎಂದು ಆ ಅವಧಿಗಳನ್ನು ಕೇಳಿ ಪಡೆದವರಲ್ಲಿ ನಾನೂ ಒಬ್ಬ. ಅದು ತಪ್ಪೆಂದು ನನಗೆ ತಿಳಿಸಿದ್ದು ಏಳನೇ ತರಗತಿಯ ಒಬ್ಬ ಹುಡುಗಿ.

ಅದು ಕೊಳವೆಬಾವಿಯನ್ನೇ ನಂಬಿದ ಬಯಲುಸೀಮೆಯ ಊರು. ಫ್ಲೋರೈಡ್ ಪರೀಕ್ಷೆಯ ಕಿಟ್ ಒಯ್ದಿದ್ದೆ. ಮಕ್ಕಳು ಮನೆಯಿಂದ ತಂದ ನೀರಿಗೆ ದ್ರಾವಣ ಬೆರೆಸಿ, ಬಂದ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರು. ಕೆಂಪು ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಹುಡುಗಿಯ ನೀರಿನಲ್ಲಿ 2ಕ್ಕೂ ಹೆಚ್ಚಿತ್ತು. ಅಂಕಿಯನ್ನು ಅಂದವಾಗಿ ಕೋಷ್ಟಕದಲ್ಲಿ ಬರೆದಳು. ನಾನು ಭೇಷ್ ಎಂದೆ.

ತಿಂಗಳ ನಂತರ ಹೋದಾಗ "ಈಗ ಯಾವ ನೀರು ಕುಡಿಯುತ್ತೀಯಮ್ಮ?" ಎಂದು ಕೇಳಿದೆ.

"ಅದೇ ನೀರು ಸಾರ್. ಅವ್ವ ಕುದಿಸಿ ಕೊಡ್ತಾಳೆ."

ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. "ಅವ್ವನಿಗೆ ಹೇಳಲಿಲ್ಲವೇ?" ಎಂದೆ. "ಹೆಂಗೆ ಹೇಳ್ಬೇಕು ಅಂತ ಗೊತ್ತಾಗಲಿಲ್ಲ ಸಾರ್" ಎಂದಳು.

ಅಂಕಿ ಬರೆಸಿದ ನಾನು, ಅದನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳುವುದನ್ನು ಕಲಿಸಿರಲಿಲ್ಲ. ಅದನ್ನು ಕಲಿಸಬಹುದಾಗಿದ್ದ ಕನ್ನಡದ ಅವಧಿಯಲ್ಲೇ ಅಂದು ನಾನು ಪರೀಕ್ಷೆ ಮಾಡಿಸಿದ್ದೆ!

ನಮ್ಮ ಹಿರಿಯರು ಈ ಎರಡನ್ನೂ ಬೇರೆ ಮಾಡಿರಲಿಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಆಂಧ್ರದ ಪೊರುಮಾಮಿಳ್ಳದಲ್ಲಿ ಒಂದು ಕೆರೆ ಕಟ್ಟಿಸಿದ. ಅಲ್ಲಿನ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಇನ್ನೊಂದು. ಇವು ವಿಜ್ಞಾನದ ಮಾತು. ಅದೇ ಪಟ್ಟಿಯಲ್ಲಿ 'ಎರಡು ರಾಜ್ಯಗಳ ಗಡಿಯಲ್ಲಿರುವುದು' ಎಂಬ ದೋಷವೂ ಇದೆ! ಮಣ್ಣು, ಇಳಿಜಾರು ಎಲ್ಲ ಸರಿಯಿದ್ದರೂ ಜನರಲ್ಲಿ ಜಗಳವಿದ್ದರೆ ಕೆರೆ ಉಳಿಯದು ಎಂಬುದನ್ನು ಆ ಕೆರೆ ಕಟ್ಟಿದವರು ಬಲ್ಲವರಾಗಿದ್ದರು.

"ಇರುವ ಪಾಠ ಮುಗಿಸಲೇ ಕಾಲ ಸಾಲದು" ಎಂದು ಶಿಕ್ಷಕ ಮಿತ್ರರು ಹೇಳುತ್ತಾರೆ. ಅದು ನಿಜ. ಆದರೆ ನಾನು ಕೇಳುತ್ತಿರುವುದು ಹೆಚ್ಚಿನ ಕಾಲವನ್ನಲ್ಲ. ಒಂದೇ ಕೆಲಸವನ್ನು ಮೂರು ಅವಧಿಗಳಿಗೆ ಹಂಚೋಣ. ವಿಜ್ಞಾನದ ಅವಧಿಯಲ್ಲಿ ನೀರಿನ ಪರೀಕ್ಷೆಯಾಗಲಿ. ಕೊಳವೆಬಾವಿಗೆ ಮೊದಲು ಊರು ಯಾವ ನೀರು ಕುಡಿಯುತ್ತಿತ್ತು, ಆ ಬಾವಿ, ಕೆರೆಗಳು ಏನಾದವು, ಅಲ್ಲಿ ನೀರು ಸೇದಲು ಯಾರಿಗೆ ಬಿಡುತ್ತಿರಲಿಲ್ಲ ಎಂಬುದನ್ನು ಸಮಾಜ ವಿಜ್ಞಾನದ ಅವಧಿಗಾಗಿ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರಲಿ. ಕನ್ನಡದ ಅವಧಿಯಲ್ಲಿ ಅದನ್ನೆಲ್ಲ ಸೇರಿಸಿ ಗ್ರಾಮ ಪಂಚಾಯಿತಿಗೆ ಒಂದು ಪತ್ರ ಬರೆಯಲಿ. ಪತ್ರಲೇಖನ ಹೇಗೂ ಪಾಠದಲ್ಲಿದೆ. ರಜೆ ಕೇಳುವ ಪತ್ರದ ಬದಲು ಒಳ್ಳೆಯ ನೀರು ಕೇಳುವ ಪತ್ರವಾಗಲಿ.

ಮುಂದಿನ ವಸ್ತುಪ್ರದರ್ಶನಕ್ಕೆ ಸಿದ್ಧರಾಗುವಾಗ ಕನ್ನಡ ಮೇಷ್ಟ್ರ ಅವಧಿಯನ್ನು ಕೇಳಬೇಡಿ, ಅವರನ್ನೇ ಜೊತೆಗೆ ಕರೆಯಿರಿ.